ಸೆನ್ಸರ್ ಸುಮ್ಮನಿದೆಯೋ, ಸತ್ತಿದೆಯೋ? ಬ್ಯಾಟರಿ ಸೆನ್ಸರ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮಂಗಳೂರಿನ ಕಂಕನಾಡಿಯ ಫ್ಲ್ಯಾಟಿನಲ್ಲಿ, ಅಮ್ಮ ಇರುವುದು ಉದ್ಯಾವರದ ಹಂಚಿನ ಮನೆಯಲ್ಲಿ. ಎರಡೂ ಕಡೆ ಸೇರಿ ಬಾಗಿಲು, ಚಲನೆ, ತೇವ, ನೀರಿನ ಸೋರಿಕೆ ಎಂದು ಬ್ಯಾಟರಿಯಲ್ಲಿ ನಡೆಯುವ 31 ಸೆನ್ಸರ್‌ಗಳಿವೆ. ಇದು ಗೊತ್ತಾದ ಮೇಲೆ ಮದುವೆ ಊಟದ ಪಂಕ್ತಿಯಲ್ಲೂ ವಾಟ್ಸಾಪಿನಲ್ಲೂ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದು, ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ ಇಟ್ಟಿದ್ದೇನೆ.

## ಶುರುವಿಗೆ

"ಬ್ಯಾಟರಿ 100% ಅಂತ ತೋರಿಸ್ತಾ ಉಂಟು. ಆದ್ರೂ ಸೆನ್ಸರ್ ಕೆಲಸ ಮಾಡ್ತಾ ಇಲ್ಲ. ಎಂತ ಕತೆ ಇದು?"

ಅದು ಈ ಹೊತ್ತಿನ ನೂರಲ್ಲ. ಸೆನ್ಸರ್ ಕೊನೆಯ ಸಲ ಮಾತಾಡಿದಾಗ ಹೇಳಿಹೋದ ನೂರು. ಸಾಯುವ ಸೆನ್ಸರ್ ಹೇಳಿ ಸಾಯುವುದಿಲ್ಲ, ಆಪ್ ತನಗೆ ಗೊತ್ತಿದ್ದ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿರುತ್ತದೆ.

ನಾನಿದನ್ನು ಕಲಿತದ್ದು ಒಂದು ಆಟಿ ತಿಂಗಳಲ್ಲಿ. ಊರಿನ ಬಾವಿಯ ಪಕ್ಕದ ಪಂಪ್ ಶೆಡ್ಡಿನಲ್ಲಿ ನೀರು ಸೋರಿದರೆ ತಿಳಿಸುವ ಸೆನ್ಸರ್ ಇಟ್ಟಿದ್ದೆ. ಹತ್ತೊಂಬತ್ತು ದಿನವೂ ಅದು "ಒಣ" ಎಂದೇ ತೋರಿಸಿತು. ಕಡೆಗೆ ಅಮ್ಮನ ಫೋನ್: "ಶೆಡ್ಡಿನಲ್ಲಿ ಪಾದ ಮುಳುಗುವಷ್ಟು ನೀರುಂಟು ಮಗಾ, ನಿನ್ನ ಮಷೀನು ಎಂತ ಹೇಳ್ತದೆ?" ಮಷೀನು ಆಗಲೂ "ಒಣ, ಬ್ಯಾಟರಿ 100" ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಸೆಲ್ಲನ್ನು ಮುಟ್ಟುವ ತಗಡಿಗೆ ಹಸಿರು ಕಿಲುಬು.

ಅಂದಿನಿಂದ ಬ್ಯಾಟರಿಯ ಶೇಕಡಾ ನೋಡುವುದು ನನಗೆ ಎರಡನೆಯ ಕೆಲಸ. ಮೊದಲು ನೋಡುವುದು ಅದು ಕೊನೆಗೆ ಮಾತಾಡಿದ್ದು ಯಾವಾಗ ಎಂದು.

"ಹಾಗಾದ್ರೆ ಒಂದು ದಿನ ಮಾತಾಡದಿದ್ರೆ ಸತ್ತಿದೆ ಅಂತ ಲೆಕ್ಕವಾ?"

ಎಲ್ಲದಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಈ ಸೆನ್ಸರ್‌ಗಳು ದಿನದ ಬಹುಪಾಲು ನಿದ್ದೆಯಲ್ಲಿರುತ್ತವೆ. ಬಾಗಿಲು ತೆರೆದಾಗಲೋ ಉಷ್ಣತೆ ಏರಿಳಿದಾಗಲೋ ಎದ್ದು ಒಂದು ಮಾತು ಹೇಳಿ ಮತ್ತೆ ಮಲಗುತ್ತವೆ. ಏನೂ ಆಗದಿದ್ದರೂ "ನಾನಿದ್ದೇನೆ" ಎಂದು ಆಗಾಗ ಒಂದು ಸಣ್ಣ ಸಂದೇಶ ಕಳಿಸುವ ಅಭ್ಯಾಸ ಹೆಚ್ಚಿನವಕ್ಕೆ ಉಂಟು. ಜಿಗ್‌ಬೀ ಎಂದರೆ ವೈಫೈಯ ಹಾಗೆಯೇ ಒಂದು ರೇಡಿಯೋ ಪದ್ಧತಿ, ಬ್ಯಾಟರಿ ಕಮ್ಮಿ ತಿನ್ನುತ್ತದೆ. ಅಕಾರಾ ಕಂಪನಿಯ ಜಿಗ್‌ಬೀ ಸೆನ್ಸರ್‌ಗಳು ಸುಮಾರು ಗಂಟೆಗೊಮ್ಮೆ ಕಳಿಸುತ್ತವೆ. ಇನ್ನು ಕೆಲವು ನಾಲ್ಕಾರು ಗಂಟೆಗೊಮ್ಮೆ. ಬ್ಯಾಟರಿಯಲ್ಲಿ ನಡೆಯುವ ವೈಫೈ ಬಾಗಿಲು ಸೆನ್ಸರ್‌ಗಳಲ್ಲಿ ಬಾಗಿಲು ಅಲುಗದಿದ್ದರೆ ಇಡೀ ದಿನ ಬಾಯಿ ಬಿಡದವೂ ಇವೆ.

ಹೊಸತು ತಂದರೆ ಎರಡು ದಿನ ಸುಮ್ಮನೆ ಗಮನಿಸಿ, ಎಷ್ಟೆಷ್ಟು ಹೊತ್ತಿಗೆ ಸಂದೇಶ ಬರುತ್ತದೆ ಎಂದು ಬರೆದಿಡಿ. ಆ ಅಂತರದ ಮೂರು ಪಟ್ಟು ಹೊತ್ತು ಸದ್ದಿಲ್ಲದಿದ್ದರೆ ವಿಚಾರಿಸಲು ಹೊರಡಬಹುದು.

"ಒಂದು ಸೆಲ್ ಎರಡು ವರ್ಷ ಅಂತ ಡಬ್ಬಿಯಲ್ಲಿ ಬರೆದದ್ದು ನಿಜವಾ?"

ಲೆಕ್ಕ ಹಾಕಿ ನೋಡುವ. ನಾಣ್ಯದ ಆಕಾರದ ಸಿಆರ್2032 ಬಟನ್ ಸೆಲ್ಲಿನಲ್ಲಿ ಸುಮಾರು 220 ಮಿಲಿ ಆಂಪಿಯರ್ ಅವರ್ ಶಕ್ತಿ ಇರುತ್ತದೆ. ಎರಡು ವರ್ಷಕ್ಕೆ 17,520 ಗಂಟೆ. ಭಾಗಿಸಿದರೆ ಸರಾಸರಿ 12.5 ಮೈಕ್ರೋ ಆಂಪಿಯರ್. ನಿದ್ದೆಯಲ್ಲೇ ಇರುವ ಸೆನ್ಸರ್‌ಗೆ ಅಷ್ಟು ಧಾರಾಳ ಸಾಕು.

ಆದರೆ ರೇಡಿಯೋ ಎಚ್ಚರವಾಗಿದ್ದಾಗ ಎಳೆಯುವುದು ಮಿಲಿ ಆಂಪಿಯರ್‌ಗಳ ಲೆಕ್ಕದಲ್ಲಿ, ಅಂದರೆ ನೂರಾರು ಪಟ್ಟು. ನೆಟ್‌ವರ್ಕ್ ಸಿಗದೆ ರೇಡಿಯೋ 10 ಮಿಲಿ ಆಂಪಿಯರ್‌ನಂತೆ ಹುಡುಕುತ್ತಲೇ ಕೂತರೆ ಅದೇ ಸೆಲ್ 22 ಗಂಟೆಯಲ್ಲಿ ಖಾಲಿ. ಹುಡುಕುವ ನಡುವೆ ಹೆಚ್ಚಿನವು ವಿರಾಮ ತೆಗೆದುಕೊಳ್ಳುತ್ತವೆ, ಹಾಗಾಗಿ ಒಂದು ದಿನದ್ದು ಕೆಲವು ವಾರಕ್ಕೆ ಎಳೆಯುತ್ತದೆ. "ಈ ಕಂಪನಿಯದ್ದು ಬ್ಯಾಟರಿ ತಿನ್ನುತ್ತದೆ" ಎಂದು ಬೈಯುವವರ ಮನೆಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಕಡೆ ಮೂಲ ಕಾಯಿಲೆ ಸಿಗ್ನಲ್ಲಿನದ್ದು. ಸೆಲ್ ಬದಲಿಸಿದರೆ ಜ್ವರದ ಮಾತ್ರೆ ಕೊಟ್ಟ ಹಾಗೆ, ಅಷ್ಟೇ.

## ಸೆಲ್ಲಿನ ವಿಚಾರ

"ನಿನ್ನೆ 60 ಇತ್ತು, ಇವತ್ತು ಸೊನ್ನೆ. ನಡುವಿನದ್ದೆಲ್ಲ ಎಲ್ಲಿಗೆ ಹೋಯ್ತು?"

ಲೀಥಿಯಂ ಬಟನ್ ಸೆಲ್ ತನ್ನ ಆಯುಸ್ಸಿನ ಬಹುಭಾಗ 3 ವೋಲ್ಟಿನ ಹತ್ತಿರವೇ ನಿಂತಿರುತ್ತದೆ, ಕೊನೆಯಲ್ಲಿ ಮಾತ್ರ ಮಲ್ಪೆ ಬೀಚಿನಲ್ಲಿ ಕಾಲಡಿಯ ಮರಳು ಜಾರಿದ ಹಾಗೆ ಒಮ್ಮೆಲೇ ಇಳಿಯುತ್ತದೆ. ಅನೇಕ ಸೆನ್ಸರ್‌ಗಳು ಶೇಕಡಾವನ್ನು ಊಹಿಸುವುದು ಈ ವೋಲ್ಟೇಜಿನಿಂದಲೇ. ಚಪ್ಪಟೆ ಗೆರೆಯಿಂದ ಇಳಿಜಾರನ್ನು ಊಹಿಸಿದರೆ ಹೀಗೇ ಆಗುವುದು. ರಿಮೋಟಿಗೆ ಹಾಕುವ ಆಲ್ಕಲೈನ್ ಸೆಲ್ ಮಾತ್ರ 1.5 ವೋಲ್ಟಿನಿಂದ ನಿಧಾನಕ್ಕೆ ಇಳಿಯುತ್ತದೆ, ಅದರ ಶೇಕಡಾವನ್ನು ಸ್ವಲ್ಪ ನಂಬಬಹುದು.

"20ಕ್ಕೆ ಇಳಿದರೆ ಹೇಳು" ಎಂಬ ಅಲರ್ಟ್ ಬಟನ್ ಸೆಲ್ಲಿಗೆ ಹೆಚ್ಚಿನ ಸಲ ತಡವಾಗಿಯೇ ಬರುತ್ತದೆ. ವೋಲ್ಟೇಜ್ ತೋರಿಸುವ ಸೆನ್ಸರ್ ಆದರೆ ಅದನ್ನೇ ನೋಡಿ. ವಾರಗಟ್ಟಲೆ ಅಲುಗದಿದ್ದದ್ದು ಮೂರು ದಿನ ಸತತ ಇಳಿಯುತ್ತಿದ್ದರೆ ಸೆಲ್ ಬದಲಿಸುವ ಹೊತ್ತು ಬಂತು ಎಂದು.

"ನಮ್ಮದು ಮೀನಿನ ವ್ಯಾಪಾರ. ಫ್ರೀಜರಿನೊಳಗೆ ಇಟ್ಟ ಸೆನ್ಸರ್ ಎರಡೇ ದಿನಕ್ಕೆ 'ಲೋ ಬ್ಯಾಟರಿ' ಅನ್ನುತ್ತದೆ."

ಚಳಿಗೆ ಸೆಲ್ಲಿನ ಒಳಗಿನ ತಡೆ ಹೆಚ್ಚುತ್ತದೆ, ರೇಡಿಯೋ ಏಳುವಾಗ ವೋಲ್ಟೇಜ್ ಕುಸಿಯುತ್ತದೆ. ಹೊರಗೆ ತಂದು ಬೆಚ್ಚಗಾದರೆ ಅದೇ ಸೆಲ್ ಮತ್ತೆ 90 ತೋರಿಸೀತು. ಜತೆಗೆ ಫ್ರೀಜರಿನ ತಗಡಿನ ಪೆಟ್ಟಿಗೆ ಸಿಗ್ನಲ್ಲನ್ನೂ ತಡೆಯುತ್ತದೆ. ಉದ್ದ ವಯರಿನ ತುದಿಯಲ್ಲಿ ಅಳೆಯುವ ಪ್ರೋಬ್ ಇರುವ ಮಾದರಿ ತೆಗೆದುಕೊಳ್ಳಿ, ಸೆಲ್ಲಿರುವ ದೇಹ ಹೊರಗಿರಲಿ.

"ಬಟನ್ ಸೆಲ್ ಎಲ್ಲ ಒಂದೇ ಅಲ್ವಾ? ಚಾರ್ಜ್ ಮಾಡುವಂಥದ್ದು ಹಾಕಿದ್ರೆ ದುಡ್ಡು ಉಳಿಯುತ್ತದೆ."

ಒಂದೇ ಅಲ್ಲ, ಹೆಸರಿನಲ್ಲೇ ಅಳತೆ ಉಂಟು. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2450 ಅಂದರೆ ಸುಮಾರು 24 ಅಗಲ, 5 ದಪ್ಪ. ಅಂಗಡಿಗೆ ಹೋಗುವಾಗ ಹಳೆಯದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ.

ಚಾರ್ಜ್ ಮಾಡುವ ಎಲ್‌ಐಆರ್2032 ಅದೇ ಗಾತ್ರದ್ದಾದರೂ ಪೂರ್ತಿ ಚಾರ್ಜಿನಲ್ಲಿ 4.2 ವೋಲ್ಟ್ ಕೊಡುತ್ತದೆ. 3 ವೋಲ್ಟಿನ ಸೆನ್ಸರ್ ಸುಟ್ಟುಹೋದೀತು. ಶಕ್ತಿಯೂ ಸುಮಾರು 40 ಮಿಲಿ ಆಂಪಿಯರ್ ಅವರ್ ಮಾತ್ರ. ರಿಮೋಟ್ ಗಾತ್ರದ ಚಾರ್ಜಬಲ್ ಸೆಲ್ ಹಾಕಿದರೆ ಅಪಾಯವಿಲ್ಲ, ಆದರೆ ಅದು 1.2 ವೋಲ್ಟಿನದ್ದಾದ ಕಾರಣ ಹೊಸತರಲ್ಲೇ ಶೇಕಡಾ ಕಮ್ಮಿ ತೋರಿಸುತ್ತದೆ.

ಹೊಸ ಸೆಲ್ ಹಾಕಿದರೂ ಏಳದ ಸೆನ್ಸರ್‌ಗೆ ಇನ್ನೊಂದು ಕಾರಣ: ಮಕ್ಕಳು ನುಂಗದಿರಲಿ ಎಂದು ಕೆಲವು ಸೆಲ್ಲುಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ, ಕೆಲವು ಉಪಕರಣಗಳಲ್ಲಿ ಅದೇ ಲೇಪ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಹಾಗೆಂದು ಅದನ್ನು ದೂರಬೇಡಿ. ಮಗು ಬಟನ್ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಓಡಬೇಕು, "ನಾಳೆ ಹೊರಗೆ ಬರುತ್ತದೆ" ಎಂದು ಕಾಯುವ ವಿಷಯವಲ್ಲ ಅದು.

## ಸಂಪರ್ಕ ತಪ್ಪುವುದು

"ಸಿಡಿಲು ಬಂದ್ರೆ ಅಮ್ಮ ಎಲ್ಲ ಸ್ವಿಚ್ಚೂ ಆಫ್ ಮಾಡ್ತಾರೆ. ಆಮೇಲೆ ಎರಡು ಮೂರು ಸೆನ್ಸರ್ ವಾಪಸ್ಸೇ ಬರುವುದಿಲ್ಲ."

ನಮ್ಮ ಕಡೆ ಮನೆಮನೆಯ ಕತೆ ಇದು. ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಂಜೆ ಗುಡುಗಿದರೆ ಪ್ಲಗ್ ಕಿತ್ತಿಡುವುದು ನಾವು ಹುಟ್ಟಿದಾಗಿನಿಂದ ಕಂಡದ್ದು, ಅದು ತಪ್ಪೂ ಅಲ್ಲ.

ಆದರೆ ಜಿಗ್‌ಬೀಯಲ್ಲಿ ಸೆನ್ಸರ್‌ಗಳೆಲ್ಲ ನೇರವಾಗಿ ಹಬ್ಬಿಗೆ, ಅಂದರೆ ಎಲ್ಲವುಗಳ ಸಂದೇಶ ಬಂದು ಸೇರುವ ಮುಖ್ಯ ಪೆಟ್ಟಿಗೆಗೆ, ಮಾತಾಡುವುದಿಲ್ಲ. ಕರೆಂಟಿನಲ್ಲಿ ನಡೆಯುವ ಸ್ಮಾರ್ಟ್ ಪ್ಲಗ್, ಬಲ್ಬುಗಳು ಸಂದೇಶ ದಾಟಿಸುವ ಕೆಲಸವನ್ನೂ ಮಾಡುತ್ತವೆ. ಪ್ರತಿ ಸೆನ್ಸರ್ ಅಂಥ ಒಂದನ್ನು ಅಥವಾ ಹಬ್ಬನ್ನೇ ಆಸರೆಯಾಗಿ ಹಿಡಿದಿರುತ್ತದೆ. ಚಾವಡಿಯ ಬಲ್ಬನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದರೆ ಅದನ್ನು ನಂಬಿದ್ದವೆಲ್ಲ ಅನಾಥ. ಒಳ್ಳೆಯವು ಬೇರೆ ಆಸರೆ ಹುಡುಕಿಕೊಳ್ಳುತ್ತವೆ. ಹಳೆಯ ಶಿಯೋಮಿ, ಅಕಾರಾ ಮಾದರಿಗಳಿಗೆ ಹಠ ಜಾಸ್ತಿ, ಹಿಡಿದ ಆಸರೆ ಬಿಟ್ಟು ಹೋಗುವುದೇ ಇಲ್ಲ. ಅವನ್ನು ಕೈಯಲ್ಲಿ ಹಿಡಿದು ಮತ್ತೆ ಜೋಡಿಸಬೇಕು.

ನಾನು ಮಾಡಿದ್ದು ಹೀಗೆ. ಗೋಡೆಯ ಸ್ವಿಚ್ಚಿರುವ ಕಡೆ ಸ್ಮಾರ್ಟ್ ಬಲ್ಬೇ ಬೇಡವೆಂದು ತೆಗೆದೆ. ಹಬ್ಬು ಮತ್ತು ಎರಡು ಪ್ಲಗ್ಗುಗಳನ್ನು ಇನ್ವರ್ಟರಿನ ಲೈನಿಗೆ ಹಾಕಿಸಿದೆ. ಆ ಮೂರಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿ ಅಮ್ಮನಿಗೆ ಹೇಳಿದ್ದು: "ಸಿಡಿಲಿಗೆ ತೆಗೆಯುವುದಾದರೆ ಇವನ್ನು ಕೊನೆಗೆ ತೆಗೀರಿ, ವಾಪಸ್ ಹಾಕುವಾಗ ಮೊದಲು ಹಾಕಿ." ಪುನಃ ಹಾಕಿದ ಮೇಲೆ ಅರ್ಧ ದಿನ ಕಾಯಿರಿ. ಐದೇ ನಿಮಿಷಕ್ಕೆ ರಿಸೆಟ್ ಮಾಡಲು ಹೊರಟವರು ಇದ್ದದ್ದನ್ನೂ ಕೆಡಿಸಿಕೊಂಡದ್ದು ನೋಡಿದ್ದೇನೆ.

"ಮನೆಯಲ್ಲಿ ವೈಫೈ ಫುಲ್ ಉಂಟು. ಮತ್ತೆ ಸೆನ್ಸರ್‌ಗೆ ಎಂತ ರೋಗ?"

ವೈಫೈ ಜೋರಾಗಿರುವುದೇ ರೋಗ ಆಗಿರಬಹುದು. ಜಿಗ್‌ಬೀ, ಅದರ ಹಾಗಿನದ್ದೇ ಆದ ಥ್ರೆಡ್, 2.4 ಗಿಗಾಹರ್ಟ್ಸ್ ವೈಫೈ ಎಲ್ಲ ಒಂದೇ ಅಲೆಪಟ್ಟಿಯಲ್ಲಿ ನೂಕಾಡುತ್ತವೆ. ಜಿಗ್‌ಬೀಗೆ 11ರಿಂದ 26ರ ತನಕ 16 ಚಾನೆಲ್. ಸಂಖ್ಯೆ ಒಂದೇ ಕಂಡರೂ ವೈಫೈ ಚಾನೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ವೈಫೈಯ 1, 6, 11ರ ನಡುವಿನ ಸಂದಿಯಲ್ಲಿ ಬೀಳುವುದು ಜಿಗ್‌ಬೀಯ 15 ಮತ್ತು 20, ಮೇಲಿನ ತುದಿಯಲ್ಲಿ 25. ಅಕ್ಕಪಕ್ಕದ ಹತ್ತು ಮನೆಯ ರೂಟರ್‌ಗಳು ಕೂಗಾಡುವ ಫ್ಲ್ಯಾಟುಗಳಲ್ಲಿ ನಾನು 25 ಹಾಕುತ್ತೇನೆ. ಚಾನೆಲ್ ಬದಲಿಸಿದರೆ ನಿದ್ದೆಯಲ್ಲಿರುವ ಸೆನ್ಸರ್‌ಗಳಿಗೆ ಸುದ್ದಿ ಮುಟ್ಟದೆ ಕೆಲವನ್ನು ಮತ್ತೆ ಜೋಡಿಸಬೇಕಾದೀತು, ಬಿಡುವಿನ ಭಾನುವಾರಕ್ಕೆ ಇಟ್ಟುಕೊಳ್ಳಿ.

ಜಿಗ್‌ಬೀ ಡಾಂಗಲ್ಲನ್ನು, ಅಂದರೆ ಜಿಗ್‌ಬೀ ರೇಡಿಯೋ ಇರುವ ಪುಟ್ಟ ಕಡ್ಡಿಯನ್ನು, ಕಂಪ್ಯೂಟರಿನ ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಿದ್ದೀರಾದರೆ ಮೊದಲು ಅದನ್ನು ತೆಗೆಯಿರಿ. ಯುಎಸ್‌ಬಿ 3 ಈ ಅಲೆಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ವರದಿ ಪ್ರಕಟಿಸಿತ್ತು. ಒಂದು ಮೀಟರಿನ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಇಡುವುದಕ್ಕಿಂತ ಅಗ್ಗದ ಮದ್ದು ನನಗಂತೂ ಗೊತ್ತಿಲ್ಲ.

"ಹಳೆ ಮನೆ, ಮುರಕಲ್ಲಿನ ಗೋಡೆ. ಹಟ್ಟಿಯ ತನಕ ಸಿಗ್ನಲ್ ಹೋಗುವುದೇ ಇಲ್ಲ."

ಮುರಕಲ್ಲು ದಪ್ಪ, ಮೇಲೆ ಮಳೆಗಾಲದಲ್ಲಿ ನೀರು ಹೀರಿಕೊಂಡಿರುತ್ತದೆ. ನೀರಿಗೂ 2.4 ಗಿಗಾಹರ್ಟ್ಸಿಗೂ ಆಗಿಬರುವುದಿಲ್ಲ. ಬೇಸಗೆಯಲ್ಲಿ ಸರಿಯಿದ್ದ ಸೆನ್ಸರ್ ಜುಲೈಯಲ್ಲಿ ಕೈಕೊಟ್ಟರೆ ಒದ್ದೆ ಗೋಡೆ, ನಡುವಿನ ಒದ್ದೆ ಸೊಪ್ಪು ಎರಡನ್ನೂ ಅನುಮಾನಿಸಿ. ಗೋಡೆಯ ಎದುರು ಸೆಣಸುವ ಬದಲು ಕಿಟಕಿಯ ಸಾಲಿನಲ್ಲಿ ಒಂದು ಸ್ಮಾರ್ಟ್ ಪ್ಲಗ್ ಇಡಿ.

ಝಡ್‌-ವೇವ್ ಎಂಬ ಇನ್ನೊಂದು ರೇಡಿಯೋ ಪದ್ಧತಿಯ ಅಲೆ ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ, ನಿಜ. ಭಾರತದಲ್ಲಿ ಅದರದ್ದು 865.2 ಮೆಗಾಹರ್ಟ್ಸ್. ಅಮೆರಿಕದ್ದು 908.4, ಯುರೋಪಿನದ್ದು 868.4. ವಿದೇಶದಿಂದ ರಜೆಗೆ ಬರುವ ಭಾವ ಪ್ರೀತಿಯಿಂದ ತಂದುಕೊಟ್ಟ ಸೆನ್ಸರ್ ಇಲ್ಲಿಯ ಹಬ್ಬಿನೊಡನೆ ಮಾತಾಡುವುದಿಲ್ಲ, ಇಲ್ಲಿ ಬಳಸುವ ಹಾಗೂ ಇಲ್ಲ. ಜಿಗ್‌ಬೀಯಾದರೆ ಎಲ್ಲಿಂದ ತಂದರೂ ನಡೆದೀತು. ಚಾಕೊಲೇಟಿನ ಪಟ್ಟಿ ಕಳಿಸುವಾಗಲೇ ಇದನ್ನೂ ಹೇಳಿಬಿಡಿ.

"ಮಳೆಗಾಲ ಮುಗಿಯುವಷ್ಟರಲ್ಲಿ ಒಂದೆರಡು ಸತ್ತೇ ಹೋಗುತ್ತವೆ. ಉಪಾಯ ಉಂಟಾ?"

ತೇವ, ಉಪ್ಪುಗಾಳಿ, ಇರುವೆ. ಮೂರಕ್ಕೂ ಬೇರೆ ಬೇರೆ ಮದ್ದು.

ಮೇ ಕೊನೆಯಲ್ಲಿ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯ ನಡುವೆಯೇ, ಎಲ್ಲ ಸೆನ್ಸರ್ ಬಿಚ್ಚಿ ಸೆಲ್ ಮುಟ್ಟುವ ತಗಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ, ಕಿವಿಗೆ ಹಾಕುವ ಬಡ್ಸಿನ ತುದಿಗೆ ವಿನೆಗರ್ ಅಥವಾ ಲಿಂಬೆರಸ ಅದ್ದಿ ಒರೆಸಿ, ಆಮೇಲೆ ಆಲ್ಕೋಹಾಲ್, ಆಮೇಲೆ ಪೂರ್ತಿ ಒಣಗಿಸುವುದು. (ಪುನರ್ಪುಳಿ ಆಗುತ್ತದಾ ಎಂದು ಒಬ್ಬರು ಕೇಳಿದ್ದರು. ಹುಳಿಯೇನೋ ಹೌದು, ಬಣ್ಣ ನೀವೇ ಕುಡಿದುಕೊಳ್ಳಿ.) ಪಂಪ್ ಶೆಡ್ಡಿನಂಥ ಜಾಗದ ಸೆನ್ಸರನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪ್ರೋಬಿನ ವಯರು ಮಾತ್ರ ಹೊರಗೆ ಬಿಡಿ. ತಗಡಿನ ಡಬ್ಬಿ ಬೇಡ, ಸಿಗ್ನಲ್ ಒಳಗೇ ಉಳಿಯುತ್ತದೆ.

ಇರುವೆಗೆ ಸೆನ್ಸರಿನೊಳಗಿನ ಜಾಗ ಬಹಳ ಇಷ್ಟ. ಹಲ್ಲಿ ಒಳಗೆ ಹೋಗುವುದಿಲ್ಲ, ಚಲನೆಯ ಸೆನ್ಸರಿನ ಮುಂದೆಯೇ ಓಡಾಡಿ ರಾತ್ರಿಯಿಡೀ ಅದನ್ನು ಎಬ್ಬಿಸುತ್ತದೆ. ಪ್ರತಿ ಎಚ್ಚರಕ್ಕೂ ಸೆಲ್ಲೇ ಬೆಲೆ ಕಟ್ಟುವುದು. ಟ್ಯೂಬ್‌ಲೈಟಿನ ಹತ್ತಿರ ಚಲನೆಯ ಸೆನ್ಸರ್ ಇಡಬೇಡಿ ಎನ್ನುವುದು ಅದಕ್ಕೇ: ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ.

## ನಿಗಾ ಇಡುವ ಏರ್ಪಾಡು

"ದಿನಾ ಆಪ್ ತೆರೆದು ನೋಡ್ಲಿಕ್ಕೆ ಯಾರಿಗೆ ಪುರುಸೊತ್ತು? ತಾನಾಗಿ ಹೇಳುವ ಹಾಗೆ ಮಾಡ್ಬಹುದಾ?"

ಕಂಪನಿಗಳ ಆಪ್‌ಗಳಲ್ಲಿ ಬ್ಯಾಟರಿ ಕಮ್ಮಿಯಾದರೆ ಹೇಳುವ ವ್ಯವಸ್ಥೆ ಇರುತ್ತದೆ, ಸುದ್ದಿಯಿಲ್ಲದಿದ್ದರೆ ಹೇಳುವುದು ಅಪರೂಪ. ನಾನು ಬಳಸುವುದು ಹೋಮ್ ಅಸಿಸ್ಟೆಂಟ್, ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಉಪಕರಣಗಳನ್ನು ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಅದರ ಝಡ್‌ಎಚ್‌ಎ ಎಂಬ ಜಿಗ್‌ಬೀ ವಿಭಾಗ ಬ್ಯಾಟರಿಯ ಉಪಕರಣದಿಂದ 6 ಗಂಟೆ ಸುದ್ದಿ ಬರದಿದ್ದರೆ, ಕರೆಂಟಿನದ್ದಾದರೆ 2 ಗಂಟೆ ಬರದಿದ್ದರೆ, ತಾನಾಗಿಯೇ "ಲಭ್ಯವಿಲ್ಲ" ಎಂದು ಗುರುತು ಹಾಕುತ್ತದೆ. ಈ ಅವಧಿ ಬದಲಿಸಬಹುದು.

ಜಿಗ್‌ಬೀ2ಎಂಕ್ಯೂಟಿಟಿ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ಎಚ್ಚರ: ಅದರಲ್ಲಿ ಈ ಪರೀಕ್ಷೆ ಮೊದಲಿಗೆ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಮಾಡಿದ ಮೇಲೂ ಬ್ಯಾಟರಿ ಸೆನ್ಸರ್‌ಗೆ ಅದು ಕೊಡುವ ಅವಧಿ 1500 ನಿಮಿಷ, ಅಂದರೆ 25 ಗಂಟೆ. ದೇವರಕೋಣೆಯ ತೇವ ಅಳೆಯಲು ಅದು ಸಾಕು, ಪಂಪ್ ಶೆಡ್ಡಿಗೆ ಸಾಲದು. "ಕೊನೆಗೆ ಕಂಡದ್ದು" ಎಂಬ ಮಾಹಿತಿಯೂ ಅದರಲ್ಲಿ ಆಫ್ ಆಗಿಯೇ ಬರುತ್ತದೆ, ಮೊದಲು ಆನ್ ಮಾಡಬೇಕಾದದ್ದು ಅದನ್ನೇ.

"ಅಲರ್ಟ್ ಹಾಕಿದೆ. ಈಗ ದಿನಕ್ಕೆ ಹದಿನೈದು ಬರುತ್ತದೆ, ನೋಡುವುದನ್ನೇ ಬಿಟ್ಟೆ."

ಹದಿನೈದು ಬಂದರೆ ಯಾರೂ ನೋಡುವುದಿಲ್ಲ. ನಾನು ಸೆನ್ಸರ್‌ಗಳನ್ನು ಎರಡೇ ಗುಂಪು ಮಾಡಿದೆ. ನೀರು, ಹೊಗೆ, ಹೊರಬಾಗಿಲು: ಇವುಗಳ ಸುದ್ದಿ ನಿಂತರೆ ಕೂಡಲೇ ಫೋನಿಗೆ. ಉಳಿದವುಗಳದ್ದು ಬೆಳಿಗ್ಗೆ 7.30ಕ್ಕೆ ಒಂದೇ ಸಂದೇಶ: ಇಂತಿಂಥವು ಮಾತಾಡಿಲ್ಲ, ಇಂಥದ್ದಕ್ಕೆ ಇಂಥ ಸೆಲ್ ಬೇಕು. ಸೆಲ್ಲಿನ ನಮೂನೆಯನ್ನು ಸಂದೇಶದಲ್ಲೇ ಬರೆಸಿದ್ದರಿಂದ ಪೇಟೆಗೆ ಹೋದಾಗ ತರಲು ಸುಲಭ. ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದ ಮೊದಲ ಒಂದು ಗಂಟೆ ಅಲರ್ಟ್ ಬೇಡ ಎಂಬ ಷರತ್ತೂ ಹಾಕಿ, ಆಗ ಮಲಗಿರುವ ಸೆನ್ಸರ್‌ಗಳೆಲ್ಲ ಕಾಣೆಯಾದಂತೆ ತೋರುವುದುಂಟು.

"ಮೂರು ವಾರ ಬಾಗಿಲು ತೆರೆದಿಲ್ಲ. ಅದಕ್ಕೆ 'ಸೆನ್ಸರ್ ಸತ್ತಿದೆ' ಅಂತ ಸುಳ್ಳು ಅಲರ್ಟ್ ಬಂತು."

ನೀವು ನೋಡುತ್ತಿರುವುದು "ಸ್ಥಿತಿ ಬದಲಾದದ್ದು ಯಾವಾಗ" ಎಂಬುದನ್ನು. ಬೇಕಾದದ್ದು "ವರದಿ ಬಂದದ್ದು ಯಾವಾಗ" ಎಂಬುದು. ಅಟ್ಟದ ಬಾಗಿಲು ಗಣೇಶ ಚೌತಿಯಿಂದ ದೀಪಾವಳಿಯ ತನಕ ಮುಚ್ಚಿಯೇ ಇರಬಹುದು, ಆದರೆ ಸೆನ್ಸರ್ ಗಂಟೆಗೊಮ್ಮೆ "ಮುಚ್ಚಿದೆ" ಎಂದು ಹೇಳುತ್ತಲೇ ಇರುತ್ತದೆ. ಹೋಮ್ ಅಸಿಸ್ಟೆಂಟಿನಲ್ಲಿ ಎರಡಕ್ಕೂ ಬೇರೆ ಬೇರೆ ಸಮಯ ದಾಖಲಾಗುತ್ತದೆ.

ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದು. ಉಪಕರಣಗಳ ಸಂದೇಶ ಸಾಗಿಸುವ ಎಂಕ್ಯೂಟಿಟಿಯಲ್ಲಿ ಕೊನೆಯ ಸಂದೇಶವನ್ನು ಉಳಿಸಿಕೊಳ್ಳುವ "ರಿಟೇನ್" ಆಯ್ಕೆ ಹಾಕಿದ್ದರೆ, ರೀಸ್ಟಾರ್ಟ್ ಆದಾಗ ಸತ್ತ ಸೆನ್ಸರಿನ ಹಳೆಯ ಮಾತು ಈಗ ಬಂದಂತೆ ಮತ್ತೆ ಬಂದು ಕೂರುತ್ತದೆ. ಅಂಥವುಗಳಿಗೆ "ಇಷ್ಟು ಸೆಕೆಂಡಿನ ಮೇಲೆ ಈ ಮಾಹಿತಿ ಹಳತು" ಎಂಬ ಗಡುವು ಹಾಕಲೇಬೇಕು.

"ಎಲ್‌ಕ್ಯೂಐ 40 ಉಂಟು. ಹೆದರಬೇಕಾ?"

ಸಿಗ್ನಲ್ಲಿನ ಗುಣಮಟ್ಟ ಹೇಳುವ ಈ ಅಂಕಿ 0ಯಿಂದ 255ರ ತನಕ ಇರುತ್ತದೆ, ಆದರೆ ಒಂದೊಂದು ಕಂಪನಿಯ ಚಿಪ್ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಎರಡು ಬೇರೆ ಉಪಕರಣಗಳ ಅಂಕಿ ಹೋಲಿಸಬೇಡಿ. ಒಂದೇ ಸೆನ್ಸರ್ ಕಳೆದ ತಿಂಗಳು 120 ಇದ್ದದ್ದು ಈಗ 40 ಆಗಿದ್ದರೆ ನಡುವೆ ಬಂದದ್ದೇನು ನೋಡಿ. ನಮ್ಮಲ್ಲಿ ಒಮ್ಮೆ ಅದು ಹೊಸ ಗೋದ್ರೆಜ್ ಕಪಾಟಾಗಿತ್ತು.

"ಎಲ್ಲ ಸರಿ ಮಾರಾಯ್ರೆ, ಹಬ್ಬೇ ಸತ್ತರೆ ಹೇಳುವವರು ಯಾರು?"

ಅತ್ತ ಮರ ಬಿದ್ದು ಫೈಬರ್ ತುಂಡಾದರೆ, ಇನ್ವರ್ಟರ್ ಖಾಲಿಯಾದರೆ, ಅಲರ್ಟ್ ಕಳಿಸಬೇಕಾದ ಪೆಟ್ಟಿಗೆಯೇ ಮೂಕ. ಫೋನಿನಲ್ಲಿ ಎಲ್ಲ ಶಾಂತ. ಪಂಪ್ ಶೆಡ್ಡಿನ ತಪ್ಪೇ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿದ ಹಾಗೆ.

ಇದಕ್ಕೆ ಕಾವಲು ಮನೆಯ ಹೊರಗೇ ಇರಬೇಕು. ಹಬ್ಬು ಹತ್ತು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸರ್ವರಿಗೆ "ಇದ್ದೇನೆ" ಎಂದು ತಟ್ಟಬೇಕು, ತಟ್ಟುವುದು ನಿಂತರೆ ಆ ಸರ್ವರ್ ನಮಗೆ ಹೇಳಬೇಕು. ಹೆಲ್ತ್‌ಚೆಕ್ಸ್ ಎಂಬ ಸೇವೆ ಇದನ್ನೇ ಮಾಡುತ್ತದೆ, ಮನೆಬಳಕೆಗೆ ಉಚಿತದ್ದೇ ಸಾಕು. ಎರಡು ಮನೆ ಇರುವವರು ಒಂದರ ಹಬ್ಬನ್ನೇ ಇನ್ನೊಂದಕ್ಕೆ ಕಾವಲಿಡಬಹುದು, ಕಂಕನಾಡಿಯದ್ದು ಉದ್ಯಾವರವನ್ನೂ ಉದ್ಯಾವರದ್ದು ಕಂಕನಾಡಿಯನ್ನೂ ನೋಡಿಕೊಳ್ಳುವ ಹಾಗೆ ನಾನು ಮಾಡಿದ್ದೇನೆ.

ಆದರೆ ಪರೀಕ್ಷೆ ಮಾಡದ ಕಾವಲನ್ನು ನಂಬಬೇಡಿ. ತಿಂಗಳ ಮೊದಲ ಭಾನುವಾರ ಹಬ್ಬಿನ ಪ್ಲಗ್ ಕೀಳುತ್ತೇನೆ, ಒಂದು ಸೆನ್ಸರಿನ ಸೆಲ್ಲನ್ನೂ ತೆಗೆದಿಡುತ್ತೇನೆ, ಎಷ್ಟು ಹೊತ್ತಿಗೆ ಫೋನು ಸದ್ದು ಮಾಡುತ್ತದೆ ಎಂದು ನೋಡುತ್ತೇನೆ. ಹಬ್ಬಿಗೆ ಈಗ 25 ನಿಮಿಷ. ಮೊದಲ ಸಲ ಮಾಡಿದಾಗ ಸಂಜೆಯ ತನಕ ಕಾದರೂ ಬರಲಿಲ್ಲ. ಅಲರ್ಟ್ ಹೋಗುತ್ತಿದ್ದದ್ದು ನಾನು ಯಾವತ್ತೋ ಬಿಟ್ಟ ಹಳೆಯ ಈಮೇಲ್ ವಿಳಾಸಕ್ಕೆ.